ಶಿಡ್ಲಘಟ್ಟದ ಗಾಳಿ, ಕೊರಿಯದ ಬೀದಿ

ಕೊರಿಯದ ಊಟದ ಬಗ್ಗೆ ಮಾತಾಡುವ ಹಕ್ಕು ಈಗ ನನ್ನ ವಯಸ್ಸಿನವರ ಕೈಯಲ್ಲಿ ಉಳಿದಿಲ್ಲ. ಜಯನಗರದ ಯಾವ ಪಿಯುಸಿ ಹುಡುಗಿಯನ್ನು ಬೇಕಾದರೂ ಕೇಳಿ ನೋಡಿ. ಕಿಮ್ಚಿ ಎಷ್ಟು ದಿನ ಹುಳಿಯಬೇಕು, ರಾಮ್ಯನ್‌ಗೆ ಮೊಟ್ಟೆ ಯಾವಾಗ ಒಡೆದು ಹಾಕಬೇಕು, ತೊಕ್‌ಪೊಕ್ಕಿ ತಿನ್ನುತ್ತಾ ನಾಯಕಿ ಯಾವ ಗಳಿಗೆಯಲ್ಲಿ ಕಣ್ಣು ಒರೆಸಿಕೊಳ್ಳಬೇಕು, ಎಲ್ಲವೂ ಬಾಯಿಪಾಠ. ರಾತ್ರಿ ಎರಡು ಗಂಟೆಯವರೆಗೆ ಧಾರಾವಾಹಿ ನೋಡಿ ಸಂಪಾದಿಸಿದ ವಿದ್ಯೆ ಅದು. ಅವರ ಮುಂದೆ ನಿವೃತ್ತ ಬ್ಯಾಂಕ್ ಗುಮಾಸ್ತನೊಬ್ಬ ಬಾಯಿ ತೆರೆಯುವುದು ತಿನ್ನುವುದಕ್ಕೆ ಮಾತ್ರ.

ಮಗಳು ಸುವೊನ್ ಎಂಬ ಊರಿನಲ್ಲಿ ಎಂಜಿನಿಯರ್. ನಾನೂ ಹೆಂಡತಿಯೂ ಅವಳ ಮನೆಗೆ ಹೋದಾಗ ಮೊದಲ ದಿನವೇ ಒಂದು ಷರತ್ತು ಹಾಕಿದೆ. “ಧಾರಾವಾಹಿಯಲ್ಲಿ ಬರದೇ ಇರೋ ಊಟ ತೋರಿಸಬೇಕು.”

“ಅಂದ್ರೆ?”

“ನಿಮ್ಮ ಕೆಳಗಿನ ಮನೆ ಅಜ್ಜಿ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ ಏನು ತಿಂತಿದ್ರೋ ಅದು.”

ಮಗಳು ಆಫೀಸಿನಲ್ಲಿ ವಿಚಾರಿಸಿದಳು. ಸಹೋದ್ಯೋಗಿಗಳೆಲ್ಲ ಮೂವತ್ತರ ಆಸುಪಾಸಿನವರು. ಅದನ್ನೆಲ್ಲ ನಮ್ಮಜ್ಜಿ ತಿನ್ನುತ್ತಿದ್ದರು, ನಾವು ಮುಟ್ಟುವುದಿಲ್ಲ, ನಿಮ್ಮ ತಂದೆಯವರನ್ನು ಫ್ರೈಡ್ ಚಿಕನ್ ತಿನ್ನಿಸಲು ಕರೆದುಕೊಂಡು ಹೋಗಿ ಎಂದರಂತೆ. ಆಮೇಲೆ ಗಮನಿಸಿದೆ, ಆ ದೇಶದಲ್ಲಿ ಪರದೇಶದವನು ಏನನ್ನೇ ಕೇಳಲಿ, ಕಾಳಜಿಯಿಂದ ಕೊಡುವ ಕೊನೆಯ ಸಲಹೆ ಫ್ರೈಡ್ ಚಿಕನ್ನೇ.

ಅಜ್ಜಿಯರ ಊಟದ ಸುಳಿವು ಕೊಟ್ಟದ್ದು ಕಡೆಗೆ ನನ್ನ ಮೂಗು. ಸುವೊನ್‌ನಲ್ಲಿ ಹ್ವಾಸೊಂಗ್ ಎಂಬ ಕೋಟೆಯಿದೆ, ಜೊಂಗ್‌ಜೊ ಎಂಬ ದೊರೆ 1796ರಲ್ಲಿ ಕಟ್ಟಿ ಮುಗಿಸಿದ್ದು. ಗೋಡೆಯ ಪಕ್ಕ ನಡೆಯುತ್ತಾ ಮಗಳು ಅದರ ಚರಿತ್ರೆ ಹೇಳುತ್ತಿದ್ದಳು. ನಡುವೆ ಒಂದು ಗಾಳಿ ಬೀಸಿತು ನೋಡಿ, ದೊರೆಯೂ ಕೋಟೆಯೂ ಹಾರಿಹೋಗಿ ನಾನು ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ.

ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆಗೂಡು ಬೇಯಿಸುವ ನೀರು, ಎಳೆ ಬಿಚ್ಚಿಕೊಂಡ ಮೇಲೆ ತಳದಲ್ಲಿ ಉಳಿಯುವ ಬೆಂದ ಹುಳು, ಅದರ ಎಣ್ಣೆಜಿಡ್ಡು ಎಲ್ಲ ಸೇರಿ ಊರಿಗೆ ಹೊದಿಸಿದ ವಾಸನೆ. ಬಸ್ಸು ಊರು ಸಮೀಪಿಸುತ್ತಿದ್ದಂತೆ ಬೇರೆ ಊರಿನವರು ಕರ್ಚೀಫು ಹುಡುಕುತ್ತಿದ್ದರು; ಇಳಿಯುವ ಜಾಗ ಬಂತೆಂದು ನಾವು ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆವು. ನನ್ನ ಹೆಂಡತಿ ಬಸವನಗುಡಿಯವಳು, ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು. ಮದುವೆಯಾದ ಹೊಸತರಲ್ಲಿ ನಮ್ಮೂರಿಗೆ ಬಂದು, “ಯಾರೋ ಏನೋ ಒಲೆ ಮೇಲೆ ಇಟ್ಟು ಮರೆತಿದ್ದಾರೆ ಕಣ್ರೀ” ಅಂದಿದ್ದಳು. ಇಡೀ ಊರೇ ಇಟ್ಟಿದೆ, ಯಾರೂ ಮರೆತಿಲ್ಲ ಎಂದು ಅತ್ತೆ ಸಮಾಧಾನ ಹೇಳಿದ್ದರು.

ಕೋಟೆಯ ಬಾಗಿಲ ಬಳಿ ಅಗಲವಾದ ಪಾತ್ರೆಯಲ್ಲಿ ಕಂದು ಬಣ್ಣದ ನೀರು ಕುದಿಯುತ್ತಿತ್ತು. ಒಬ್ಬ ಹೆಂಗಸು ಸೌಟಿನಲ್ಲಿ ಮೊಗೆದು ಕಾಗದದ ಲೋಟಕ್ಕೆ ಸುರಿದು, ಹಲ್ಲುಕಡ್ಡಿ ಚುಚ್ಚಿ ಕೊಡುತ್ತಿದ್ದಳು. ಬೊಂದೆಗಿ, ಅಂದರೆ ನಮ್ಮ ರೇಷ್ಮೆಹುಳುವೇ. 1960-70ರ ದಶಕಗಳಲ್ಲಿ ಕೊರಿಯ ರೇಷ್ಮೆನೂಲನ್ನು ಹಡಗುಗಟ್ಟಲೆ ಹೊರಗೆ ಕಳಿಸುತ್ತಿದ್ದಾಗ ನೂಲು ಪರದೇಶಕ್ಕೆ ಹೋಯಿತು, ಹುಳು ಮನೆಯಲ್ಲಿ ಉಳಿಯಿತು. ಮಾಂಸ ಕೊಳ್ಳಲಾಗದ ಮನೆಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಕಾಗದದ ಪೊಟ್ಟಣದಲ್ಲಿ ತಿಂದು ಬೆಳೆದರು. ನಮ್ಮೂರಿನಲ್ಲಿ ಇದೇ ಹುಳು ಎಣ್ಣೆ ತೆಗೆಯುವುದಕ್ಕೆ, ಕೋಳಿ, ಮೀನುಗಳ ಮೇವಿಗೆ ಮೂಟೆಯಲ್ಲಿ ಹೋಗುತ್ತದೆ. ನಾವು ಹುಳುವನ್ನು ಕೋಳಿಗೆ ತಿನ್ನಿಸಿ ಕೋಳಿಯನ್ನು ತಿನ್ನುತ್ತೇವೆ, ಕೊರಿಯದವರು ಮಧ್ಯವರ್ತಿಯನ್ನು ಕೈಬಿಟ್ಟರು, ಅಷ್ಟೇ ವ್ಯತ್ಯಾಸ.

ತಿಂದೆ. ಕಚ್ಚಿದರೆ ಬಿಸಿ ರಸ ಚಿಮ್ಮುತ್ತದೆ. ಕಡಲೆಬೀಜದ ಜಾಡು, ಹಿಂದೆಯೇ ಸ್ವಲ್ಪ ಮಣ್ಣು. ಊರಿನಲ್ಲಿ ಇಪ್ಪತ್ತು ವರ್ಷ ಮೂಗಿನಿಂದ ತಿಂದದ್ದಕ್ಕೆ ಮೊದಲ ಸಲ ನಾಲಿಗೆಯ ಒಪ್ಪಿಗೆ ಸಿಕ್ಕಿತು. ಮಗಳು ದೂರ ನಿಂತು ಫೋಟೊ ತೆಗೆದಳು.

“ಛೀ, ಹುಳ,” ಅಂದಳು ಹೆಂಡತಿ.

“ನಿನ್ನ ಪಟ್ಟೆಮಡಿ ಸೀರೆಗೆ ಎಷ್ಟು ಸಾವಿರ ಹುಳ ಬೆಂದಿದೆ ಗೊತ್ತೇನೆ?”

“ಸೀರೇನ ನಾನು ಉಡ್ತೀನಿ. ಅಗಿಯಲ್ಲ.”

ಈ ಮಾತಿಗೆ ಉತ್ತರ ಇನ್ನೂ ಹೊಳೆದಿಲ್ಲ.

ಅವಳಿಗೂ ಒಪ್ಪಿಗೆಯಾಗುವ ಊಟ ಸಿಕ್ಕಿದ್ದು ಸುವೊನ್‌ನ ಉತ್ತರಕ್ಕಿರುವ ಗ್ವಾಂಗ್ಯೊ ಬೆಟ್ಟದ ತಪ್ಪಲಿನಲ್ಲಿ. ಅಲ್ಲಿ ಬಾರ್ಲಿ ಅನ್ನದ ಹೋಟೆಲುಗಳದೇ ಸಾಲು. ಕೊರಿಯದಲ್ಲಿ ನಿವೃತ್ತರಾದವರು ಬೆಟ್ಟ ಹತ್ತುವುದನ್ನು ಸರ್ಕಾರಿ ನೌಕರಿಯಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ. ಎವರೆಸ್ಟಿಗೆ ಸಾಲುವ ಬಟ್ಟೆ, ಎರಡು ಕೈಗೂ ಕೋಲು. ಇಳಿದ ಮೇಲೆ ಬಾರ್ಲಿ ಅನ್ನ, ಸೊಪ್ಪಿನ ಪಲ್ಯಗಳು, ಮಕ್ಕೊಲ್ಲಿ ಎಂಬ ಬೆಳ್ಳನೆಯ ಅಕ್ಕಿಹೆಂಡ, ಜೊತೆಗೆ ದೊತೊರಿಮುಕ್. ಓಕ್ ಮರದ ಕಾಯಿಯನ್ನು ಕುಟ್ಟಿ, ಅದರ ಕಹಿ ಒಗರು ಇಳಿಯುವವರೆಗೆ ನೀರು ಬದಲಾಯಿಸಿ ಬದಲಾಯಿಸಿ ನೆನೆಸಿ, ಕೆಳಗೆ ಕೂತ ಹಿಟ್ಟನ್ನು ಗೊಟಾಯಿಸಿ ಆರಲು ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. ಕತ್ತರಿಸಿ, ಸೋಯಾ ಸಾರ ಮತ್ತು ಎಳ್ಳೆಣ್ಣೆ ಸುರಿದು ಕೊಡುತ್ತಾರೆ. ಸ್ವಂತ ರುಚಿ ಎಂಬುದು ಅದಕ್ಕೆ ಹೆಚ್ಚು ಕಡಿಮೆ ಇಲ್ಲ. ನಾಲಿಗೆಯ ತುದಿಯಲ್ಲಿ ಒಂದಿಷ್ಟು ಒಗರು, ಬಾಯಿಯಲ್ಲಿ ಒಂದು ತಂಪು. ಹೆಸರುಬೇಳೆ ಕೋಸಂಬರಿಗೆ ಮೆಣಸಿನಕಾಯಿ ಜಾಸ್ತಿಯಾಯಿತೆಂದು ದೂರುವ ನನ್ನ ಹೆಂಡತಿ ಎರಡು ತಟ್ಟೆ ಖಾಲಿ ಮಾಡಿದಳು. ಮುಕ್ ಹಿಡಿಯಬೇಕಾದದ್ದು ಉಕ್ಕಿನ ಚಾಪ್‌ಸ್ಟಿಕ್ಕಿನಲ್ಲಿ, ಅದೂ ನುಣುಪಾದದ್ದು. ಗಟ್ಟಿಯಾಗಿ ಹಿಡಿದರೆ ತುಂಡಾಗುತ್ತದೆ, ಮೆಲ್ಲಗೆ ಹಿಡಿದರೆ ಜಾರುತ್ತದೆ. ಪಕ್ಕದ ಮೇಜಿನ ಹಿರಿಯರೊಬ್ಬರು ನನ್ನ ಪಾಡು ನೋಡಿ, ಎದ್ದು ಬಂದು, ಚಮಚ ಕೊಟ್ಟು, ಬಾಗಿ ನಮಸ್ಕರಿಸಿ ಹೋದರು. ಅದಕ್ಕಿಂತ ಗೌರವದಿಂದ ಯಾರೂ ನನ್ನನ್ನು ದಡ್ಡನೆಂದು ಕರೆದದ್ದಿಲ್ಲ.

ಈಗ ಆರೋಗ್ಯದ ಹೆಸರಿನಲ್ಲಿ ಹಣ ಕೊಟ್ಟು ತಿನ್ನುವ ಈ ಬಾರ್ಲಿ ಅನ್ನ ಒಂದು ಕಾಲಕ್ಕೆ ಅನಿವಾರ್ಯದ ಊಟ. ಹಿಂದಿನ ಸುಗ್ಗಿಯ ಅಕ್ಕಿ ಮುಗಿದು ಬಾರ್ಲಿ ಇನ್ನೂ ಹಣ್ಣಾಗದ ವಸಂತದ ತಿಂಗಳುಗಳನ್ನು ಅವರು ಬಾರ್ಲಿಯ ಕಣಿವೆದಾರಿ ಎಂದು ಕರೆಯುತ್ತಿದ್ದರು, ದಾಟಿದರೆ ಬದುಕಿದಂತೆ. ಓಕ್ ಕಾಯಿ ಆ ದಾರಿಯ ಬುತ್ತಿ. ಅಕ್ಕಿ ಉಳಿಸಲು ಸರ್ಕಾರ 1960ರ ದಶಕದಲ್ಲಿ ಮಕ್ಕೊಲ್ಲಿಗೆ ಅಕ್ಕಿ ಬಳಸುವುದನ್ನೇ ನಿಷೇಧಿಸಿತ್ತು; ಜನ ಗೋಧಿಹಿಟ್ಟಿನ ಮಕ್ಕೊಲ್ಲಿ ಕುಡಿದರು. ಶಾಲೆಯಲ್ಲಿ ಮೇಷ್ಟ್ರು ಊಟದ ಡಬ್ಬಿ ತೆರೆಸಿ ಅನ್ನಕ್ಕೆ ಬಾರ್ಲಿ ಬೆರೆಸಿದ್ದಾರೋ ಇಲ್ಲವೋ ಎಂದು ತಪಾಸಣೆ ಮಾಡುತ್ತಿದ್ದರು. ಈಗ ಕಾಯಿ ಆರಿಸಬೇಡಿ, ಅದು ಅಳಿಲುಗಳ ಊಟ ಎಂದು ಬೆಟ್ಟದ ದಾರಿಯಲ್ಲಿ ಫಲಕ ಹಾಕಿದ್ದಾರೆ. ಒಂದೇ ಜೀವಮಾನದಲ್ಲಿ ಒಂದು ದೇಶ ಅಳಿಲಿಗೆ ಬುತ್ತಿ ಬಿಟ್ಟುಕೊಡುವಷ್ಟು ಅನುಕೂಲಸ್ಥವಾಗುವುದು ಸಣ್ಣ ಮಾತಲ್ಲ. ನಮ್ಮ ಅಳಿಲುಗಳು ಇನ್ನೂ ಸ್ವಂತ ದುಡಿಮೆಯಲ್ಲೇ ಇವೆ.

ಮುಂದೆ ಜೊಂಗ್‌ಸೊನ್‌ಗೆ ಹೋದೆವು. ಗಾಂಗ್ವೊನ್ ಸೀಮೆಯ ಬೆಟ್ಟಗಳ ನಡುವಿನ ಊರು. ಎರಡು ಮತ್ತು ಏಳರಲ್ಲಿ ಮುಗಿಯುವ ತಾರೀಕುಗಳಂದು ಅಲ್ಲಿ ಸಂತೆ. ಗದ್ದೆಗೆ ಸಮತಟ್ಟು ನೆಲವಿಲ್ಲದ ಸೀಮೆಯಾದ್ದರಿಂದ ಅವರ ಊಟವೆಲ್ಲ ಬಕ್‌ವೀಟ್, ಆಲೂಗಡ್ಡೆ, ಮುಸುಕಿನ ಜೋಳದ ಸುತ್ತ. ಬಕ್‌ವೀಟ್ ಎಂದರೆ ಉತ್ತರದವರು ನವರಾತ್ರಿ ಉಪವಾಸಕ್ಕೆ ಬಳಸುವ ಕುಟ್ಟು. ಅದರ ಹಿಟ್ಟನ್ನು ನೀರುದೋಸೆಯಂತೆ ತೆಳ್ಳಗೆ ಹೊಯ್ದು, ಒಳಗೆ ಹುಳಿತ ಕಿಮ್ಚಿ ಇಟ್ಟು ಸುರುಳಿ ಸುತ್ತುತ್ತಾರೆ. ಅದೇ ಹಿಟ್ಟಿನ ದಪ್ಪ ಶ್ಯಾವಿಗೆಯೂ ಇದೆ. ಜೋರಾಗಿ ಹೀರಿದರೆ ಬಾಲ ಹಾರಿ ಮೂಗಿನ ಮೇಲೆ ಬಡಿಯುವುದರಿಂದ ಅದಕ್ಕೆ ಮೂಗಿಗೆ ಬಡಿಯುವ ಶ್ಯಾವಿಗೆ ಎಂದೇ ಹೆಸರು. ಕನ್ನಡಕ ಹಾಕಿದವರು ಹುಷಾರಾಗಿರಬೇಕು ಎಂಬುದು ನನ್ನ ಸೇರ್ಪಡೆ. ಕಾಡಿನ ಗೊಂದುರೆ ಸೊಪ್ಪು ಹಾಕಿ ಮಾಡಿದ ಅನ್ನವನ್ನು ಹೆಂಡತಿ ಮೆಚ್ಚಿದಳು. ಜೊತೆಗಿಟ್ಟ ಕಿಮ್ಚಿಯನ್ನು ಮಾತ್ರ ಮೇಜಿನ ಆಚೆ ತುದಿಗೆ ತಳ್ಳಿದಳು, ಅದರಲ್ಲಿ ಉಪ್ಪಿನಲ್ಲಿ ಹುಳಿಸಿದ ಸೀಗಡಿ ಇರುತ್ತದೆಂದು ಅಷ್ಟರಲ್ಲಿ ಅವಳಿಗೆ ತಿಳಿದಿತ್ತು.

ನನಗೆ ಬೇಕಾಗಿದ್ದುದು ಒಲ್‌ಚೆಂಗಿ ಗುಕ್ಸು. ಮುಸುಕಿನ ಜೋಳದ ಹಿಟ್ಟನ್ನು ಅಂಬಲಿ ಕಾಯಿಸಿ, ಬಿಸಿಯಿರುವಾಗಲೇ ತೂತಿನ ಪಾತ್ರೆಗೆ ಸುರಿದು ತಣ್ಣೀರಿಗೆ ಬೀಳಿಸುತ್ತಾರೆ. ಉದ್ದ ಎಳೆಯಾಗುವಷ್ಟು ಅಂಟು ಜೋಳಕ್ಕಿಲ್ಲ. ಹಳದಿ ತುಂಡುಗಳು ಗೊದಮೊಟ್ಟೆ ಮರಿಗಳ ಆಕಾರದಲ್ಲಿ ಬೀಳುತ್ತವೆ. ಹೆಸರೂ ಅದೇ. ಅಗಿಯುವ ಕೆಲಸವಿಲ್ಲ, ತಾವಾಗಿಯೇ ಇಳಿದುಹೋಗುತ್ತವೆ. ಹೊಟ್ಟೆ ತುಂಬುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಸಿಯುತ್ತದೆ. ನನ್ನೆದುರು ಕೂತಿದ್ದ ಹಿರಿಯರು ಮಾಂಸದ ಸೂಪಿಗೆ ಹೇಳಿದ್ದರು. ನನ್ನ ಬಟ್ಟಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಮಗಳನ್ನು ಏನೋ ಕೇಳಿದರು.

“ನೀವು ದುಡ್ಡು ಕೊಟ್ಟು ಇದನ್ನ ಯಾಕೆ ತಿಂತಿದೀರಾ ಅಂತ ಕೇಳ್ತಿದಾರೆ ಅಪ್ಪಾ.”

ಹೊಸ ರುಚಿ ನೋಡೋಣ ಅಂತ, ಎಂದು ಹೇಳಿಸಿದೆ. ಅವರು ನಕ್ಕರು. ಚಿಕ್ಕಂದಿನಲ್ಲಿ ಬೆಳಿಗ್ಗೆ ಜೋಳ, ರಾತ್ರಿ ಜೋಳ. ಶಾಲೆಗೆ ಹೋದರೆ ಅಮೆರಿಕದವರು ಕಳಿಸಿದ ಜೋಳದ ಹಿಟ್ಟಿನ ಬ್ರೆಡ್ಡು. ಸೈನ್ಯಕ್ಕೆ ಸೇರಿದ ದಿನ ಬಟ್ಟಲು ತುಂಬ ಅಕ್ಕಿ ಅನ್ನ ಕಂಡಮೇಲೆ ಇವತ್ತಿನವರೆಗೂ ಜೋಳ ಮುಟ್ಟಿಲ್ಲವಂತೆ.

ನನ್ನ ಚಮಚ ಅಲ್ಲೇ ನಿಂತಿತು. ಅಮೆರಿಕದ ಆ ಧಾನ್ಯ ನಮ್ಮ ಶಾಲೆಗೂ ಬಂದಿತ್ತು. ಕೇರ್ ಸಂಸ್ಥೆಯ ಹಳದಿ ರವೆಯ ಉಪ್ಪಿಟ್ಟು! ಶಾಲೆಯ ಹಿಂದೆ ಮೂರು ಕಲ್ಲಿನ ಒಲೆ, ಅದರ ಮೇಲೆ ಹಂಡೆ, ಮುತ್ತುಗದ ಎಲೆ ಹಿಡಿದ ನಮ್ಮ ಸಾಲು, ಮೂರನೆಯ ಪೀರಿಯಡ್ಡಿನಿಂದಲೇ ಗಣಿತವನ್ನು ಕೆಡಿಸುತ್ತಿದ್ದ ಆ ಘಮ. ಅದನ್ನು ಹೇಳಿಸಿದೆ. ಹಿರಿಯರು ಸೂಪು ಬಿಟ್ಟು ಮುಂದೆ ಬಾಗಿದರು. ನಿಮ್ಮಲ್ಲೂ ಮಾನಿಟರಿಗೆ ಹೆಚ್ಚು ಬಡಿಸುತ್ತಿದ್ದರಾ ಎಂದು ಕೇಳಿದರು. ಬಡಿಸುತ್ತಿದ್ದರು. ಇಬ್ಬರೂ ಒಬ್ಬೊಬ್ಬ ಮಾನಿಟರನ್ನು ಬೈದೆವು, ಅರ್ಧ ಶತಮಾನದ ಮೇಲೆ, ಎರಡು ಭಾಷೆಗಳಲ್ಲಿ. ಮಗಳು ಅನುವಾದ ಮಾಡುವಾಗ ಬೈಗುಳವನ್ನು ಮಾತ್ರ ನುಂಗಿದಳೆಂದು ನನ್ನ ಗುಮಾನಿ. ಹೊರಡುವ ಮುಂಚೆ ಹಿರಿಯರು ನನ್ನ ಬಟ್ಟಲಿನಿಂದ ಒಂದು ಚಮಚ ಜೋಳದ ಶ್ಯಾವಿಗೆ ತೆಗೆದುಕೊಂಡು ನುಂಗಿ, ಮುಖ ಕಿವುಚಿ, “ಬದಲಾಗಿಲ್ಲ” ಎಂದರು. ದೂರಿನಂತೆಯೂ ಇತ್ತು, ಪ್ರಶಂಸೆಯಂತೆಯೂ ಇತ್ತು.

ಇಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ಜೊಲ್ಲಾ ಸೀಮೆಗೆ ಹೋಗುವುದು. ಒಂದು ದಿನ ಅವಳಿಗೆ ಸನ್ಯಾಸಿನಿಯರ ಊಟ, ಮಾರನೆಯ ದಿನ ನನಗೆ ಕೊಳೆಸಿದ ಮೀನು. ಜೊಂಗ್ ಗ್ವಾನ್ ಎಂಬ ಬೌದ್ಧ ಸನ್ಯಾಸಿನಿ ಬೇಕ್ಯಾಂಗ್‌ಸಾ ದೇವಾಲಯದ ಆಶ್ರಮದಲ್ಲಿ ಅಡುಗೆ ಮಾಡುವುದನ್ನು 2017ರಲ್ಲಿ ನೆಟ್‌ಫ್ಲಿಕ್ಸ್‌ನವರು ತೋರಿಸಿದ್ದರು. ಅಂದಿನಿಂದ ಇವಳಿಗೆ ಅದೇ ಗುಂಗು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮಾಂಸವಿಲ್ಲ. ಜಗತ್ತು ತಡವಾಗಿಯಾದರೂ ತನ್ನ ತವರುಮನೆಯ ದಾರಿಗೆ ಬಂತೆಂಬ ಧಾಟಿ. ನಾವು ತಂಗಿದ್ದು ಅದೇ ಸೀಮೆಯ ಇನ್ನೊಂದು ಸಣ್ಣ ದೇವಾಲಯದಲ್ಲಿ.

ಊಟಕ್ಕೆ ಮುಂಚೆ ಒಬ್ಬ ಯುವ ಸನ್ಯಾಸಿನಿ ನಿಯಮ ವಿವರಿಸಿದರು. ನಾನು ಹುಟ್ಟಿದಾಗಿನಿಂದ ಇವನ್ನೆಲ್ಲ ಮುಟ್ಟಿದವಳಲ್ಲ ಎಂದು ಹೆಂಡತಿ ಮಗಳ ಮೂಲಕ ಮೊದಲೇ ಘೋಷಿಸಿಬಿಟ್ಟಳು. ಸನ್ಯಾಸಿನಿಗೆ ಸಂತೋಷವಾಯಿತು. ಧ್ಯಾನಕ್ಕೆ ಅಡ್ಡಿಯಾಗುವ ಐದು ಪದಾರ್ಥಗಳನ್ನು ಬೆರಳು ಮಡಿಸುತ್ತಾ ಹೇಳಿದರು: ಬೆಳ್ಳುಳ್ಳಿ, ಈರುಳ್ಳಿಹೂ, ಅದರ ಜಾತಿಯ ಒಂದು ಸೊಪ್ಪು, ಕಾಡಿನ ಇನ್ನೊಂದು ಸೊಪ್ಪು. ನಾಲ್ಕಕ್ಕೂ ಇವಳು ತಲೆಯಾಡಿಸಿದಳು. ಐದನೆಯದು ನಮ್ಮಲ್ಲಿ ಬೆಳೆಯುವುದಿಲ್ಲ, ಹಳೆಯ ಗ್ರಂಥಗಳ ಪಟ್ಟಿಯಲ್ಲಿದೆ, ನಿಮ್ಮ ಕಡೆಯದೇ ಇರಬೇಕು ಎಂದರು. ಮಗಳು ಫೋನಿನಲ್ಲಿ ಹುಡುಕಿ ನೋಡಿ, ಮೆಲ್ಲಗೆ ಹೇಳಿದಳು. “ಅಮ್ಮಾ, ಇಂಗು.”

ಇಂಗಿನ ಡಬ್ಬಿ ಇವಳ ಕೈಚೀಲದಲ್ಲೇ ಇತ್ತು. ಪರದೇಶದ ಸಾರನ್ನು ಯಾವ ಗಳಿಗೆಯಲ್ಲಿ ದಾರಿಗೆ ತರಬೇಕಾಗುತ್ತದೋ ಎಂದು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದಳು. ಮಡಿಯ ಅಡುಗೆಮನೆಯಲ್ಲಿ ಸಿಂಹಾಸನದ ಮೇಲೆ ಕೂತಿದ್ದ ಇಂಗು ಇಲ್ಲಿ ಬೆಳ್ಳುಳ್ಳಿಯ ಪಕ್ಕ ಕಟಕಟೆಯಲ್ಲಿ ನಿಂತಿತ್ತು. ಇವಳು ಮುಖದಲ್ಲಿ ಏನೂ ತೋರಿಸದೆ ಕಾಲಿನಿಂದ ಚೀಲವನ್ನು ಹಿಂದಕ್ಕೆ ಸರಿಸಿದಳು. ನಾನು ನೋಡಲಿಲ್ಲ ಎಂಬಂತೆ ನೋಡಿದೆ.

ಊಟಕ್ಕೆ ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲು. ಅನ್ನಕ್ಕೊಂದು, ಸೂಪಿಗೊಂದು, ಪಲ್ಯಕ್ಕೊಂದು, ನೀರಿಗೊಂದು. ಮಾತಿಲ್ಲ. ಒಂದು ತುಂಡು ಮೂಲಂಗಿ ಉಪ್ಪಿನಕಾಯಿಯನ್ನು ತಿನ್ನದೆ ಉಳಿಸಿಕೊಳ್ಳಬೇಕು. ಊಟ ಮುಗಿದ ಮೇಲೆ ಅದರಿಂದಲೇ ಬಟ್ಟಲು ಒರೆಸಿ, ಮೂಲಂಗಿ ತಿಂದು, ಒರೆಸಿದ ನೀರನ್ನೂ ಕುಡಿಯಬೇಕು. ಕಡೆಯಲ್ಲಿ ತೊಳೆದ ತಿಳಿನೀರನ್ನು ಎಲ್ಲರಿಂದಲೂ ಒಟ್ಟುಮಾಡುತ್ತಾರೆ. ಅದರಲ್ಲಿ ಮೆಣಸಿನಪುಡಿಯ ಒಂದು ಚೂರೂ ಇರಕೂಡದು, ಏಕೆಂದರೆ ಅದು ಹಸಿದ ಪ್ರೇತಗಳ ಪಾಲು, ಅವುಗಳ ಗಂಟಲು ಸೂಜಿಯಷ್ಟು ಸಣ್ಣ.

ಇಲ್ಲಿಯವರೆಗೆ ಶಿಷ್ಯೆಯ ಹಾಗೆ ಕೂತಿದ್ದ ಇವಳು ಆ ಮಾತು ಕೇಳಿ ನನ್ನ ಕಡೆ ತಿರುಗಿದಳು. ನಮ್ಮ ಮಾವನವರು ಊಟ ಮುಗಿಸಿ ಉತ್ತರಾಪೋಶನ ಮಾಡಿ, ಅಂಗೈಯಲ್ಲಿ ಉಳಿದ ನೀರನ್ನು ಎಲೆಯ ಪಕ್ಕ ಬಿಡುತ್ತಿದ್ದರು. ರೌರವ ನರಕದಲ್ಲಿ ಬಾಯಾರಿದವರಿಗೆ ಅದು. ಚಿಕ್ಕವಳಿದ್ದಾಗ ಇವಳು, “ಅಷ್ಟೇ ಅಷ್ಟು ನೀರು ಸಾಕಾಗುತ್ತಾ ಅಣ್ಣಾ?” ಎಂದು ಕೇಳಿದ್ದಳಂತೆ. ಇವರ ಮನೆಯಲ್ಲಿ ತಂದೆಯನ್ನು ಅಣ್ಣ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಈಗ ಯಾರೂ ಆ ನೀರು ಬಿಡುವುದಿಲ್ಲ, ಡೈನಿಂಗ್ ಟೇಬಲ್ ಒದ್ದೆಯಾಗುತ್ತದೆ. ಆ ದೇವಾಲಯದಲ್ಲಿ ಇವಳು ಬಟ್ಟಲನ್ನು ಎಷ್ಟು ಹೊತ್ತು ತೊಳೆದಳೆಂದರೆ ಎಲ್ಲರೂ ಕಾಯುತ್ತಾ ಕೂರಬೇಕಾಯಿತು.

ಮಾರನೆಯ ದಿನ ನನ್ನ ಪಾಳಿ. ನಾಜು ಪಟ್ಟಣದ ಯೊಂಗ್‌ಸಾನ್‌ಪೊ ಹಳೆಯ ನದೀಬಂದರು. ದಡದ ಬೀದಿಯ ತುಂಬ ಹೊಂಗೊ ಹೋಟೆಲುಗಳು. ಹೊಂಗೊ ಎಂದರೆ ನಮ್ಮ ಕರಾವಳಿಯ ತೊರಕೆಯ ಬಳಗದ ಚಪ್ಪಟೆ ಮೀನು. ಅದರ ಮೈಯಲ್ಲೇ ಯೂರಿಯಾ ಇರುತ್ತದೆ. ಹಿಡಿದು ಇಟ್ಟರೆ ಅದು ಅಮೋನಿಯಾ ಆಗುತ್ತದೆ, ಆ ಖಾರಕ್ಕೆ ಕೆಡಿಸುವ ಕ್ರಿಮಿಗಳು ಹತ್ತಿರ ಸುಳಿಯುವುದಿಲ್ಲ. ಗೊರ್ಯೊ ಅರಸರ ಕೊನೆಗಾಲದಲ್ಲಿ ಜಪಾನಿ ಕಡಲ್ಗಳ್ಳರ ಕಾಟಕ್ಕೆ ದ್ವೀಪದ ಜನ ಮನೆಮಠ ಬಿಟ್ಟು ಈ ನದೀದಡಕ್ಕೆ ಬಂದರೆಂದೂ, ದೋಣಿಯಲ್ಲಿ ಬರುವಷ್ಟರಲ್ಲಿ ಬೇರೆ ಮೀನೆಲ್ಲ ಕೆಟ್ಟು, ಇದೊಂದು ನಾರಿದರೂ ತಿಂದವರಿಗೆ ಏನೂ ಆಗಲಿಲ್ಲವೆಂದೂ ಹೇಳುತ್ತಾರೆ. ಹುಕ್‌ಸಾನ್ ದ್ವೀಪಕ್ಕೆ ಗಡೀಪಾರಾಗಿದ್ದ ಜೊಂಗ್ ಯಾಕ್‌ಜೊನ್ ಎಂಬ ವಿದ್ವಾಂಸ 1814ರಲ್ಲಿ ಬರೆದ ಮೀನುಗಳ ಗ್ರಂಥದಲ್ಲೇ ನಾಜು ಕಡೆಯವರು ಇದನ್ನು ಹಳಸಿಸಿ ತಿನ್ನಲು ಇಷ್ಟಪಡುತ್ತಾರೆಂದು ದಾಖಲಿಸಿದ್ದಾನೆ. ಈಗ ದ್ವೀಪದ ಮೀನು ದುಬಾರಿ. ಹಾಗಾಗಿ ಚಿಲಿ, ಅರ್ಜೆಂಟೀನಗಳಿಂದ ತರಿಸಿ ಇಲ್ಲಿ ಕೊಳೆಸುತ್ತಾರೆ. ಕೆಡುವುದಕ್ಕಾಗಿ ಅರ್ಧ ಭೂಮಿ ಸುತ್ತಿ ಬರುವ ಮೀನು ಇದೊಂದೇ ಇರಬೇಕು.

ಹೆಂಡತಿ ಬೀದಿಯ ತುದಿಯಲ್ಲೇ ನಿಂತು, “ನೀವು ಹೋಗಿ ಬನ್ನಿ, ನಾನು ನದಿ ನೋಡ್ತೀನಿ” ಎಂದಳು. ಮಗಳು ಅನುವಾದದ ಕರ್ತವ್ಯಕ್ಕಾಗಿ ಜೊತೆಗೆ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದಳು. ಹೊಂಗೊದ ಒಂದು ಹೋಳು, ಬೇಯಿಸಿದ ಹಂದಿಮಾಂಸ, ವರ್ಷಗಟ್ಟಲೆ ಹುಳಿತ ಕಿಮ್ಚಿ, ಮೂರನ್ನೂ ಸೇರಿಸಿ ಒಂದೇ ತುತ್ತು. ಬಾಯಿಗಿಟ್ಟಾಗ ಏನೂ ಆಗಲಿಲ್ಲ. ಅಗಿದೆ, ಎಲುಬು ಮೃದುವಾಗಿ ಕರಕರ ಅಂದಿತು. ಆಮೇಲೆ ಉಸಿರು ಬಿಟ್ಟೆ. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂಸಬೇಡಿ ಎಂದು ಚೀಟಿ ಅಂಟಿಸಿದ್ದ ಬಾಟಲಿಯನ್ನು ನಾನು ಮೂಸಿದವನು, ಹಳೆಯ ಪರಿಚಯ. ಮೂಗು, ಕಣ್ಣು, ಹಣೆ ಒಂದಾದ ಮೇಲೊಂದು ತೆರೆದುಕೊಂಡವು. ಅಂಗಡಿಯ ಅಮ್ಮ ಮಕ್ಕೊಲ್ಲಿಯ ಬಟ್ಟಲು ಮುಂದೆ ತಳ್ಳಿದರು. ಅದು ಇಳಿದ ಮೇಲೆ ಎಲ್ಲ ಶಾಂತ, ಮತ್ತು ವಿಚಿತ್ರವೆಂದರೆ ಇನ್ನೊಂದು ತುತ್ತು ಬೇಕೆನಿಸಿತು. ಮದುವೆ ಊಟದಲ್ಲಿ ಎಷ್ಟೇ ಬಗೆ ಇರಲಿ, ಹೊಂಗೊ ಇಲ್ಲದಿದ್ದರೆ ಜೊಲ್ಲಾದವರು ಅದನ್ನು ಮದುವೆಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಈ ಮೀನಿನ ಹೆಸರನ್ನೇ ಅವರಿಗೆ ಬೈಗುಳವಾಗಿ ಎಸೆಯುವ ಜನವೂ ಅದೇ ದೇಶದಲ್ಲಿದ್ದಾರೆ. ಹಾಗೆಂದು ಮಗಳು ದಾರಿಯಲ್ಲಿ ಹೇಳಿದಳು.

ಹೊರಡುವಾಗ ಅಂಗಡಿಯ ಅಮ್ಮ ನಮ್ಮ ಕೋಟುಗಳಿಗೆ ಸುಗಂಧ ಸಿಂಪಡಿಸಿದರು. ಈಗ ನಮ್ಮ ಮೈಯಿಂದ ಎರಡು ವಾಸನೆ. ಸೋಲ್‌ಗೆ ಹೋಗುವ ರೈಲಿನಲ್ಲಿ ಹೆಂಡತಿ ತನ್ನ ಸೀಟನ್ನು ಮಗಳ ಸೀಟಿಗೆ ಬದಲಾಯಿಸಿಕೊಂಡು ಕಿಟಕಿಗೆ ಅಂಟಿ ಕೂತಳು. ಮುಂದಿನ ಸಾಲಿನಲ್ಲಿದ್ದ ಯುವಕ ಒಮ್ಮೆ ಹಿಂದೆ ತಿರುಗಿ ನೋಡಿ ಮಾಸ್ಕ್ ಹಾಕಿಕೊಂಡ. ಓಣಿಯಾಚೆಯ ಸೀಟಿನ ಹಿರಿಯರು ಮಾತ್ರ ಕಣ್ಣುಮುಚ್ಚಿ ಎರಡು ಸಲ ಉಸಿರೆಳೆದುಕೊಂಡು, “ಯೊಂಗ್‌ಸಾನ್‌ಪೊ?” ಎಂದರು.

ಹೌದೆಂದು ತಲೆಯಾಡಿಸಿದೆ. ಅಲ್ಲಿಂದ ಮುಂದೆ ಮಗಳಿಗೆ ಬಿಡುವೇ ಸಿಗಲಿಲ್ಲ. ಅವರ ಹುಟ್ಟೂರು ಅದೇ ನದಿಯ ದಡವಂತೆ. ಹೆಂಡತಿ ತೀರಿಕೊಂಡ ಮೇಲೆ ಸೋಲ್‌ನಲ್ಲಿ ಮಗನ ಮನೆ, ಹದಿನೆಂಟನೆಯ ಮಹಡಿ. ಸೊಸೆ ಒಳ್ಳೆಯವಳು, ಆದರೆ ಫ್ರಿಜ್ಜಿನಲ್ಲಿ ಹೊಂಗೊ ಇಟ್ಟರೆ ಮೊಮ್ಮಕ್ಕಳು ಅದರ ಬಾಗಿಲು ತೆರೆಯುವುದಿಲ್ಲವಂತೆ. ಊರಿನಲ್ಲಿ ಶ್ರಾದ್ಧ ಮುಗಿಸಿ ಬರುತ್ತಿದ್ದರು. ನೆಂಟರು ಪೊಟ್ಟಣ ಕಟ್ಟಿ ಕೊಡಲು ಬಂದರೆ ಬೇಡವೆಂದು ಬಿಟ್ಟುಬಂದಿದ್ದರು.

ನೀವು ಯಾವ ಅಂಗಡಿಯಲ್ಲಿ ತಿಂದಿರಿ ಎಂದು ಕೇಳಿದರು. ಜೇಬಿನಿಂದ ಬಿಲ್ಲು ತೆಗೆದುಕೊಟ್ಟೆ. ಕನ್ನಡಕ ಹಣೆಗೇರಿಸಿ ಓದಿದರು, ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡರು, ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿದರು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡಿದರು.

“ಏನಂತೆ?” ಎಂದು ಮಗಳನ್ನು ಕೇಳಿದೆ.

“ಒಂದು ಕೆ.ಜಿ. ಪಾರ್ಸೆಲ್ ಕಳಿಸಿ ಅಂತಿದಾರೆ. ಚೆನ್ನಾಗಿ ಕೊಳೆತಿರೋದೇ ಬೇಕಂತೆ. ಮನೆ ಅಡ್ರೆಸ್ಸಿಗೆ ಮಾತ್ರ ಬೇಡ, ಗೆಳೆಯರೊಬ್ಬರ ಸೈಕಲ್ ರಿಪೇರಿ ಅಂಗಡಿ ಇದೆ, ಅಲ್ಲಿಗೆ ಕಳಿಸಿ ಅಂತಿದಾರೆ.”